ಮೂಗಿಗೆ ಕೊಟ್ಟ ಮಾತ್ರೆ ಮೂತ್ರಕೋಶಕ್ಕೇಕೆ ಹೋಯಿತು?

ರಾತ್ರಿ ಹನ್ನೊಂದರ ಸುಮಾರಿಗೆ ಅವರನ್ನು ಆಟೋದಲ್ಲಿ ಕರೆತಂದರು. ಎಪ್ಪತ್ತೆರಡು ವರ್ಷದ ನಿವೃತ್ತ ಮೇಷ್ಟ್ರು. ಕೂರಲಾರರು, ನಿಲ್ಲಲಾರರು, ಮಲಗಲೂ ಆರರು. ಕಿಬ್ಬೊಟ್ಟೆ ಉಬ್ಬಿ ಕಲ್ಲಿನಂತೆ ಬಿಗಿದಿತ್ತು. ಬೆಳಗಿನಿಂದ ಒಂದು ತೊಟ್ಟು ಮೂತ್ರ ಹೋಗಿರಲಿಲ್ಲ. ನಳಿಕೆ ಹಾಕಿದೊಡನೆ ಲೀಟರಿಗೂ ಹೆಚ್ಚು ಮೂತ್ರ ಚೀಲಕ್ಕಿಳಿಯಿತು. ಮೇಷ್ಟ್ರು ಕಣ್ಣು ಮುಚ್ಚಿ, "ಅಬ್ಬಾ, ಹೋದ ಜೀವ ಬಂತು" ಎಂದರು.

ಪ್ರಾಸ್ಟೇಟ್ ಗ್ರಂಥಿ ಸ್ವಲ್ಪ ದಪ್ಪಗಾಗಿದೆ ಎಂದು ಹಿಂದಿನ ವರ್ಷವೇ ಗೊತ್ತಾಗಿತ್ತಂತೆ. ಆದರೆ ತೊಂದರೆಯೇನೂ ಇರಲಿಲ್ಲ. ಹೊಸದಾಗಿ ಯಾವುದಾದರೂ ಔಷಧ ತೆಗೆದುಕೊಂಡರೇ ಎಂದು ಮಗನನ್ನು ಕೇಳಿದೆ. "ಔಷಧ ಅಂತ ಏನೂ ಇಲ್ಲ ಡಾಕ್ಟ್ರೇ. ನೆಗಡಿಯಾಗಿತ್ತು, ಮೆಡಿಕಲ್ ಶಾಪಿನಿಂದ ಮಾತ್ರೆ ತಂದುಕೊಟ್ಟಿದ್ದೆ. ಎರಡು ದಿನದಿಂದ ದಿನಕ್ಕೆ ಮೂರು" ಎಂದು ಜೇಬಿನಿಂದ ಖಾಲಿಯಾದ ಮಾತ್ರೆ ಪಟ್ಟಿ ತೆಗೆದು ತೋರಿಸಿದ. ಕ್ಲೋರ್‌ಫೆನಿರಮೈನ್, ಫಿನೈಲ್‌ಎಫ್ರಿನ್, ಪ್ಯಾರಾಸಿಟಮಾಲ್. ಕಾರಣ ಅಲ್ಲೇ ಸಿಕ್ಕಿತು. ಅದನ್ನು ಹೇಳಿದಾಗ ಆತ ನನ್ನನ್ನೇ ದಿಟ್ಟಿಸಿ ಕೇಳಿದ: "ಮೂಗಿಗೆ ಕೊಟ್ಟ ಮಾತ್ರೆ ಮೂತ್ರಕೋಶಕ್ಕೆ ಯಾಕೆ ಹೋಯಿತು?"

ಆ ಅಪರಾತ್ರಿಯಲ್ಲಿ ಎರಡು ಮಾತಿನಲ್ಲಿ ಏನೋ ಹೇಳಿ ಮುಗಿಸಿದೆ. ಆದರೆ ಇಂಥ ಪ್ರಶ್ನೆಗೆ ಎರಡು ಮಾತಿನ ಉತ್ತರ ಸಾಲದು. ಮನೆಯಲ್ಲಿ ವಯಸ್ಸಾದವರಿರುವ, ಬಿ.ಪಿ., ಆಸ್ತಮಾ, ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರಿರುವ, ಹೊಲಕ್ಕೆ ಔಷಧಿ ಹೊಡೆಯುವವರಿರುವ ಎಲ್ಲರಿಗೂ ಅದು ಬೇಕಾದ ಉತ್ತರ. ಆದ್ದರಿಂದ ಈ ವಾರ ಅದನ್ನೇ ಬಿಡಿಸಿ ನೋಡೋಣ.

ಮನೆಯವರಿಗೆ ತಿಳಿಯದ ಕೆಲಸ

ಈ ಪತ್ರಿಕೆ ಹಿಡಿದಿರುವ ನಿಮ್ಮ ಕೈ ನೀವು ಹೇಳಿದಂತೆ ಕೇಳುತ್ತದೆ. ಪುಟ ತಿರುಗಿಸು ಎಂದರೆ ತಿರುಗಿಸುತ್ತದೆ. ಆದರೆ ಹೃದಯಕ್ಕೆ ಸ್ವಲ್ಪ ನಿಧಾನವಾಗಿ ಬಡಿ ಎಂದು ಹೇಳಿ ನೋಡಿ. ಬೆಳಿಗ್ಗೆ ತಿಂದ ದೋಸೆಯನ್ನು ಮುಂದಕ್ಕೆ ತಳ್ಳು ಎಂದು ಕರುಳಿಗೆ ಅಪ್ಪಣೆ ಕೊಡಿ. ಯಾರೂ ಕೇಳುವುದಿಲ್ಲ. ಹೃದಯದ ಬಡಿತ, ರಕ್ತದ ಒತ್ತಡ, ಕರುಳಿನ ಚಲನೆ, ಬೆವರು, ಜೊಲ್ಲು, ಕಣ್ಣಿನ ಪಾಪೆಯ ಹಿಗ್ಗು ಕುಗ್ಗು ಇವೆಲ್ಲ ನಮ್ಮ ಅಪ್ಪಣೆಗೆ ಕಾಯದ ಬೇರೊಂದು ನರಗಳ ಗುಂಪಿನ ಸುಪರ್ದಿಯಲ್ಲಿವೆ. ಅದೇ ಸ್ವಾಯತ್ತ ನರಮಂಡಲ. ನೀವು ಗೊರಕೆ ಹೊಡೆಯುತ್ತಿದ್ದಾಗಲೂ ಅದಕ್ಕೆ ರಜೆಯಿಲ್ಲ.

ಕೆರೆ ಕೆಳಗಿನ ಊರಿನವರಿಗೆ ನೀರುಗಂಟಿ ಗೊತ್ತು. ಯಾವ ತೂಬು ಎಷ್ಟು ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು ಎಂಬುದು ಅವನ ಲೆಕ್ಕ. ನಮ್ಮ ಮೈಯೊಳಗೆ ಇಂಥ ಇಬ್ಬರು ನೀರುಗಂಟಿಗಳಿದ್ದಾರೆ. ಒಬ್ಬನ ಹೆಸರು ಸಿಂಪಥೆಟಿಕ್ ನರಗಳು. ಬೆನ್ನುಹುರಿಯ ಎದೆ ಮತ್ತು ಸೊಂಟದ ಭಾಗದಿಂದ ಹೊರಡುತ್ತವೆ. ಅವಸರ, ಭಯ, ಸಿಟ್ಟು, ಓಟ, ಜಗಳ ಇವುಗಳ ಹೊತ್ತಿನಲ್ಲಿ ಅವುಗಳ ಕೈ ಮೇಲು. ಬೀದಿನಾಯಿ ಅಟ್ಟಿಸಿಕೊಂಡು ಬಂದಾಗ ಎದೆ ಹೊಡೆದುಕೊಳ್ಳುವುದು, ಬಾಯಿ ಒಣಗುವುದು, ಮೈ ಬೆವರುವುದು ಅವುಗಳಿಂದಲೇ. ಇನ್ನೊಬ್ಬ ಪ್ಯಾರಾಸಿಂಪಥೆಟಿಕ್. ಮೆದುಳಿನ ಬುಡದಿಂದಲೂ ಬೆನ್ನುಹುರಿಯ ತೀರ ಕೆಳತುದಿಯಿಂದಲೂ ಹೊರಡುವ ನರಗಳಿವು. ಉಂಡು ಮಲಗಿದ ಹೊತ್ತಿನ ಕೆಲಸ ಇವುಗಳದು. ಅರಗಿಸುವುದು, ವಿಸರ್ಜಿಸುವುದು, ಹೃದಯಕ್ಕೆ ಬಿಡುವು ಕೊಡುವುದು. ಇವುಗಳಲ್ಲಿ ದೊಡ್ಡಣ್ಣ ವೇಗಸ್ ನರ. ಮೆದುಳಿನಿಂದ ಹೊರಟು ಕುತ್ತಿಗೆ, ಎದೆ, ಹೊಟ್ಟೆ ಎಲ್ಲ ಸುತ್ತುವುದರಿಂದ ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ಅಲೆಮಾರಿ ಎಂದೇ ಹೆಸರು.

ಇವರಿಬ್ಬರೂ ಶತ್ರುಗಳು ಎಂದು ಶಾಲೆಯ ಪುಸ್ತಕಗಳು ಬರೆಯುವುದುಂಟು. ನನಗೆ ಆ ಮಾತು ಅಷ್ಟಾಗಿ ಹಿಡಿಸುವುದಿಲ್ಲ. ಎತ್ತಿನ ಗಾಡಿಯ ಎರಡು ಎತ್ತುಗಳು ಶತ್ರುಗಳೇ? ಒಂದು ಬಿಗಿದಾಗ ಇನ್ನೊಂದು ಸಡಿಲಬಿಟ್ಟರೆ ಗಾಡಿ ತಿರುಗುತ್ತದೆ, ಅಷ್ಟೆ.

ಕನಸಿನಲ್ಲಿ ಕಂಡ ಪ್ರಯೋಗ

ನರದ ತುದಿ ಹೃದಯವನ್ನು ಮುಟ್ಟಿ ಅಂಟಿಕೊಂಡಿರುವುದಿಲ್ಲ. ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದು ಇರುತ್ತದೆ. ಆ ಸಂದನ್ನು ಸುದ್ದಿ ದಾಟುವುದು ಹೇಗೆ? ವಿದ್ಯುತ್ ಕಿಡಿ ಹಾರುತ್ತದೆಂದು ಕೆಲವರು, ಯಾವುದೋ ರಾಸಾಯನಿಕ ಒಸರುತ್ತದೆಂದು ಕೆಲವರು ವಾದಿಸುತ್ತಿದ್ದ ಕಾಲ ಅದು. ಆಸ್ಟ್ರಿಯಾದ ಗ್ರಾಜ್ ನಗರದ ಪ್ರಾಧ್ಯಾಪಕ ಆಟೋ ಲೋವಿ ಒಂದು ರಾತ್ರಿ ಕನಸಿನಿಂದ ಎಚ್ಚೆತ್ತು ಚೀಟಿಯೊಂದರಲ್ಲಿ ಏನೋ ಗೀಚಿಕೊಂಡು ಮತ್ತೆ ಮಲಗಿದ. ಬೆಳಿಗ್ಗೆ ನೋಡಿದರೆ ತನ್ನ ಅಕ್ಷರ ತನಗೇ ಓದಲಾಗಲಿಲ್ಲ! ಇಡೀ ದಿನ ಪರದಾಡಿದ. ಪುಣ್ಯಕ್ಕೆ ಮರುರಾತ್ರಿ ಅದೇ ಕನಸು ಮತ್ತೆ ಬಿತ್ತು. ಈ ಸಲ ಚೀಟಿಯ ತಂಟೆಗೆ ಹೋಗದೆ, ನಡುರಾತ್ರಿಯಲ್ಲೇ ಎದ್ದು ಪ್ರಯೋಗಾಲಯಕ್ಕೆ ಓಡಿದ.

ಪ್ರಯೋಗ ಬಹಳ ಸರಳ. ಕಪ್ಪೆಯ ಎರಡು ಹೃದಯಗಳನ್ನು ಉಪ್ಪುನೀರಿನ ದ್ರಾವಣದಲ್ಲಿ ಬಡಿಯುತ್ತಿರುವಂತೆ ಇಟ್ಟ. ಒಂದಕ್ಕೆ ವೇಗಸ್ ನರ ಅಂಟಿಕೊಂಡಿತ್ತು, ಇನ್ನೊಂದಕ್ಕೆ ಇರಲಿಲ್ಲ. ಮೊದಲನೆಯದರ ನರವನ್ನು ಕೆರಳಿಸಿದಾಗ ಆ ಹೃದಯ ನಿಧಾನವಾಯಿತು. ಆಮೇಲೆ ಅದರಲ್ಲಿದ್ದ ದ್ರವವನ್ನು ತೆಗೆದು ಎರಡನೆಯದಕ್ಕೆ ಹಾಕಿದ. ನರವೇ ಇಲ್ಲದ ಆ ಹೃದಯವೂ ನಿಧಾನವಾಯಿತು. ಅಂದರೆ ಸುದ್ದಿ ದ್ರವದಲ್ಲಿ ಕರಗಿ ಬಂದಿತ್ತು. 1921ರಲ್ಲಿ ಪ್ರಕಟವಾದ ಈ ಪ್ರಯೋಗದ ವಸ್ತುವೇ ಅಸಿಟೈಲ್‌ಕೋಲಿನ್ ಎಂದು ಮುಂದೆ ಖಚಿತವಾಯಿತು. ಇಂಗ್ಲೆಂಡಿನ ಹೆನ್ರಿ ಡೇಲ್ ಜೊತೆಗೆ ಲೋವಿಗೆ 1936ರಲ್ಲಿ ನೊಬೆಲ್ ಬಹುಮಾನ ಬಂತು. ಎರಡೇ ವರ್ಷಕ್ಕೆ ನಾಜಿಗಳು ಆಸ್ಟ್ರಿಯಾಕ್ಕೆ ನುಗ್ಗಿ, ಯೆಹೂದಿಯಾದ ಆತನನ್ನು ಸೆರೆಗೆ ಹಾಕಿ, ಬಹುಮಾನದ ಹಣವನ್ನೂ ಕಿತ್ತುಕೊಂಡೇ ದೇಶದಿಂದ ಹೊರಗೆ ಬಿಟ್ಟರು.

ಹೀಗೆ ನರದ ತುದಿಯಿಂದ ಒಸರಿ ಸುದ್ದಿ ಮುಟ್ಟಿಸುವ ರಾಸಾಯನಿಕಗಳಿಗೆ ನರವಾಹಕಗಳು ಎಂದು ಹೆಸರು. ಸ್ವಾಯತ್ತ ನರಮಂಡಲದಲ್ಲಿ ಮುಖ್ಯವಾದವು ಎರಡೇ. ಪ್ಯಾರಾಸಿಂಪಥೆಟಿಕ್ ನರಗಳ ತುದಿಯಲ್ಲಿ ಅಸಿಟೈಲ್‌ಕೋಲಿನ್, ಸಿಂಪಥೆಟಿಕ್ ನರಗಳ ತುದಿಯಲ್ಲಿ ನಾರ್‌ಅಡ್ರಿನಲಿನ್. ಮೂತ್ರಪಿಂಡದ ಮೇಲೆ ಟೋಪಿಯಂತೆ ಕುಳಿತ ಅಡ್ರಿನಲ್ ಗ್ರಂಥಿಯ ತಿರುಳು ಅಡ್ರಿನಲಿನ್ ಅನ್ನು ನೇರವಾಗಿ ರಕ್ತಕ್ಕೇ ಸುರಿಯುತ್ತದೆ. ಒಂದು ವಿಚಿತ್ರವನ್ನು ಮಾತ್ರ ನೆನಪಿಡಿ, ಮುಂದೆ ಬೇಕಾಗುತ್ತದೆ. ಬೆವರಿನ ಗ್ರಂಥಿಗಳಿಗೆ ಬರುವ ನರಗಳು ಸಿಂಪಥೆಟಿಕ್ ಮನೆತನದವೇ ಆದರೂ ಅವು ಒಸರುವುದು ಅಸಿಟೈಲ್‌ಕೋಲಿನ್. ಪ್ರಕೃತಿ ನಮ್ಮ ಪಠ್ಯಪುಸ್ತಕ ನೋಡಿಕೊಂಡು ಮೈ ಕಟ್ಟಲಿಲ್ಲ.

ಬೀಗ ಹಲವು

ಎರಡೇ ರಾಸಾಯನಿಕಗಳಿಂದ ಇಷ್ಟೆಲ್ಲ ಬಗೆಬಗೆಯ ಕೆಲಸ ಹೇಗೆ ನಡೆಯುತ್ತದೆ? ಒಂದೇ ಅಡ್ರಿನಲಿನ್ ಚರ್ಮದ ರಕ್ತನಾಳವನ್ನು ಬಿಗಿಯುತ್ತದೆ, ಶ್ವಾಸನಾಳವನ್ನು ಸಡಿಲಿಸುತ್ತದೆ. ಇದರ ಗುಟ್ಟು ಕೀಲಿಕೈಯಲ್ಲಿಲ್ಲ, ಬೀಗದಲ್ಲಿದೆ. ಜೀವಕೋಶಗಳ ಮೇಲೆ ನರವಾಹಕಗಳು ಬಂದು ಕೂರುವ ಪ್ರೋಟೀನುಗಳಿವೆ. ಇವೇ ಗ್ರಾಹಿಗಳು. ಇಂಥದೇನೋ ಇರಲೇಬೇಕು ಎಂದು 1905ರಲ್ಲೇ ಊಹಿಸಿದವನು ಕೇಂಬ್ರಿಡ್ಜಿನ ಜಾನ್ ಲ್ಯಾಂಗ್ಲಿ. ಸ್ವಾಯತ್ತ ನರಮಂಡಲ ಎಂಬ ಅರ್ಥದ ಇಂಗ್ಲಿಷ್ ಹೆಸರನ್ನು ಕೊಟ್ಟವನೂ ಅವನೇ. ಗ್ರಾಹಿಯನ್ನು ಯಾರೂ ಕಣ್ಣಾರೆ ಕಂಡಿರದ ಕಾಲ. ಕೆಲವು ಬಗೆಯ ಗ್ರಾಹಿಗಳು ಜೀವಕೋಶದ ಪೊರೆಯನ್ನು ಏಳು ಸಲ ಹೊಲಿಗೆ ಹಾಕಿದಂತೆ ಒಳಹೊರಗೆ ಸುತ್ತಿ ಕೂತಿರುತ್ತವೆ, ಹೊರಗೆ ಕೀಲಿ ತಿರುಗಿದರೆ ಒಳಗೆ ಬೇರೊಂದು ಪ್ರೋಟೀನಿಗೆ ಸುದ್ದಿ ದಾಟಿಸುತ್ತವೆ. ಇದನ್ನು ಬಿಡಿಸಿ ತೋರಿಸಿದ ಅಮೆರಿಕದ ಲೆಫ್ಕೊವಿಟ್ಜ್ ಮತ್ತು ಕೋಬಿಲ್ಕ ಅವರಿಗೆ ನೊಬೆಲ್ ಬಂದದ್ದು 2012ರಲ್ಲಿ. ಊಹೆಗೂ ಬಹುಮಾನಕ್ಕೂ ನಡುವೆ ನೂರು ವರ್ಷ ಮೀರಿತ್ತು.

ಅಸಿಟೈಲ್‌ಕೋಲಿನ್‌ಗೆ ಎರಡು ಜಾತಿಯ ಬೀಗಗಳಿವೆ. ತಂಬಾಕಿನ ನಿಕೋಟಿನ್ ಕೂಡ ಹೋಗಿ ಕೂರಬಲ್ಲಂಥವು ನಿಕೋಟಿನಿಕ್. ಇವು ಕೈಕಾಲಿನ, ಉಸಿರಾಟದ ಸ್ನಾಯುಗಳಲ್ಲೂ ನರಗಂಟುಗಳಲ್ಲೂ ಇವೆ. ಮಸ್ಕರಿನ್ ಎಂಬ ಅಣಬೆ ವಿಷ ಕೂರಬಲ್ಲಂಥವು ಮಸ್ಕರಿನಿಕ್. ಹೃದಯ, ಕರುಳು, ಮೂತ್ರಕೋಶ, ಜೊಲ್ಲು, ಬೆವರು, ಮೂಗಿನ ಸಿಂಬಳ ಎಲ್ಲ ಇವುಗಳ ಕಾರುಬಾರು. ಅಡ್ರಿನಲಿನ್ ಕಡೆಯ ಬೀಗಗಳನ್ನು ಆಲ್ಫಾ ಮತ್ತು ಬೀಟಾ ಎಂದು ವಿಂಗಡಿಸಿದವನು ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್, 1948ರಲ್ಲಿ. ಆಲ್ಫಾ ಸಾಮಾನ್ಯವಾಗಿ ರಕ್ತನಾಳ ಮತ್ತು ಮೂತ್ರಕೋಶದ ಕತ್ತನ್ನು ಬಿಗಿಯುತ್ತದೆ. ಬೀಟಾ ಒಂದು ಹೃದಯವನ್ನು ಓಡಿಸುತ್ತದೆ, ಬೀಟಾ ಎರಡು ಶ್ವಾಸನಾಳವನ್ನು ಅಗಲಿಸುತ್ತದೆ.

ಈಗ ಮೇಷ್ಟ್ರ ಮಗನಿಗೆ ಉತ್ತರ ಹೇಳಬಹುದು. ನುಂಗಿದ ಮಾತ್ರೆಗೆ ವಿಳಾಸ ಗೊತ್ತಿರುವುದಿಲ್ಲ. ಅದು ರಕ್ತದಲ್ಲಿ ಕರಗಿ ಊರೆಲ್ಲ ಸುತ್ತುತ್ತದೆ. ತನಗೆ ಹೊಂದುವ ಬೀಗ ಎಲ್ಲಿ ಕಂಡರೂ ಅಲ್ಲಿ ಹೋಗಿ ಕೂರುತ್ತದೆ. ಕ್ಲೋರ್‌ಫೆನಿರಮೈನ್ ಅಲರ್ಜಿಯ ಔಷಧವೆಂದು ಪ್ರಸಿದ್ಧ. ಆದರೆ ಅದಕ್ಕೆ ಮಸ್ಕರಿನಿಕ್ ಬೀಗಗಳಿಗೆ ಅಡ್ಡ ಕೂರುವ ಚಾಳಿಯೂ ಇದೆ. ನೆಗಡಿಯಲ್ಲಿ ಸುರಿಯುವ ಮೂಗು ಒಣಗುವುದು ಬಹುಮಟ್ಟಿಗೆ ಆ ಚಾಳಿಯಿಂದಲೇ. ಮೂಗಿನಲ್ಲಿ ನಮಗೆ ಬೇಕಾದದ್ದು ಮೂತ್ರಕೋಶದಲ್ಲಿ ಬೇಡವಾಗುತ್ತದೆ. ಮೂತ್ರಕೋಶದ ಸ್ನಾಯು ಹಿಂಡಿಕೊಳ್ಳುವುದು ಅಸಿಟೈಲ್‌ಕೋಲಿನ್ ಹೇಳಿದಾಗ. ಆ ಬೀಗಕ್ಕೆ ಅಡ್ಡ ಬಿದ್ದರೆ ಹಿಂಡುವ ಬಲ ಕುಗ್ಗುತ್ತದೆ. ಯುವಕರಿಗೆ ಇದು ಗೊತ್ತೇ ಆಗದು. ಆದರೆ ಪ್ರಾಸ್ಟೇಟ್ ಒತ್ತಿ ದಾರಿ ಕಿರಿದಾದ ವೃದ್ಧರಲ್ಲಿ ಮೂತ್ರಕೋಶ ಮೊದಲೇ ಏದುಸಿರು ಬಿಡುತ್ತಾ ಕೆಲಸ ಮಾಡುತ್ತಿರುತ್ತದೆ. ಸ್ವಲ್ಪ ಬಲ ಹೋದರೂ ಸೋತು ಕೂರುತ್ತದೆ.

ಮಾತ್ರೆಯಲ್ಲಿದ್ದ ಇನ್ನೊಂದು ಔಷಧ ಫಿನೈಲ್‌ಎಫ್ರಿನ್, ಆಲ್ಫಾ ಬೀಗವನ್ನು ತೆರೆಯುವಂಥದು. ಮೂಗಿನ ರಕ್ತನಾಳ ಬಿಗಿದು ಕಟ್ಟಿದ ಮೂಗು ಬಿಡಲಿ ಎಂದು ಸೇರಿಸಿರುತ್ತಾರೆ. ಅದೇ ಆಲ್ಫಾ ಬೀಗ ಮೂತ್ರಕೋಶದ ಕತ್ತಿನಲ್ಲೂ ಪ್ರಾಸ್ಟೇಟಿನಲ್ಲೂ ಇದೆ. ತಮಾಷೆಯೆಂದರೆ, ಬಾಯಿಂದ ನುಂಗಿದ ಫಿನೈಲ್‌ಎಫ್ರಿನ್ ಬಹುಪಾಲು ಕರುಳಿನಲ್ಲೇ ಹಾಳಾಗುವುದರಿಂದ ಕಟ್ಟಿದ ಮೂಗಿಗೆ ಅದರಿಂದ ಪ್ರಯೋಜನವಿಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆಯ ತಜ್ಞರ ಸಮಿತಿ 2023ರಲ್ಲಿ ಒಮ್ಮತದಿಂದ ಹೇಳಿತು. ಆದ್ದರಿಂದ ಮೇಷ್ಟ್ರ ಮಟ್ಟಿಗೆ ಮುಖ್ಯ ಅಪರಾಧಿ ಮೊದಲನೆಯ ಔಷಧವೇ ಎಂದು ನನ್ನ ಅಂದಾಜು. ಇವೆರಡೂ ಸೇರಿದ ನೆಗಡಿ ಔಷಧವನ್ನು ನಾಲ್ಕು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಕೊಡಬಾರದೆಂದು ಬಾಟಲಿಯ ಮೇಲೆ ಬರೆಯಬೇಕು ಎಂದು ನಮ್ಮ ಕೇಂದ್ರದ ಔಷಧ ನಿಯಂತ್ರಕರೂ ಅದೇ 2023ರ ಡಿಸೆಂಬರಿನಲ್ಲಿ ಸೂಚಿಸಿದರು. ಮನೆಯಲ್ಲಿ ಹಸುಗೂಸುಗಳಿರುವವರು ಬೀರುವಿನಲ್ಲಿರುವ ಬಾಟಲಿಯನ್ನು ಒಮ್ಮೆ ತೆಗೆದು ನೋಡಿ.

ದತ್ತೂರದ ಬೀಜ

ಮಸ್ಕರಿನಿಕ್ ಬೀಗಕ್ಕೆ ಅಡ್ಡ ಬೀಳುವ ಕಲೆಯಲ್ಲಿ ಮಾತ್ರೆಗಳೆಲ್ಲ ಶಿಷ್ಯರು. ಗುರು ಯಾರೆಂದರೆ ನಮ್ಮ ತಿಪ್ಪೆಯ ಪಕ್ಕ ಬೆಳೆಯುವ, ಶಿವರಾತ್ರಿಗೆ ನಾವು ಹೂ ಕೊಯ್ಯುವ ದತ್ತೂರ. ಉಮ್ಮತ್ತಿ ಎಂದೂ ಕರೆಯುತ್ತಾರೆ. ಅದರ ಬೀಜದಲ್ಲಿ ಅಟ್ರೊಪಿನ್ ಮತ್ತು ಅದರ ಸೋದರ ವಿಷಗಳಿವೆ. ಹಿಂದೆ ದಾರಿಗಳ್ಳರು ಪ್ರಯಾಣಿಕರಿಗೆ ಊಟದಲ್ಲಿ ಇದನ್ನು ಬೆರೆಸಿ ಕೊಟ್ಟು ದೋಚುತ್ತಿದ್ದರು. ಆಟವಾಡುತ್ತಾ ಬೀಜ ತಿಂದ ಮಕ್ಕಳನ್ನು ಈಗಲೂ ಆಸ್ಪತ್ರೆಗೆ ತರುವುದುಂಟು. ನಾಲಿಗೆ ಒಣಗಿ ಮಾತು ತೊದಲುತ್ತದೆ, ಮೈ ಕೆಂಪಾಗಿ ಕಾದಿರುತ್ತದೆ, ಬೆವರಿಲ್ಲ, ಪಾಪೆ ಅಗಲವಾಗಿ ಬೆಳಕಿಗೆ ಕಣ್ಣು ಕುಕ್ಕುತ್ತದೆ, ಹೃದಯ ಓಡುತ್ತದೆ, ಮೂತ್ರ ಕಟ್ಟುತ್ತದೆ, ಮಗು ಇಲ್ಲದ್ದನ್ನು ಗಾಳಿಯಲ್ಲಿ ಹಿಡಿಯುತ್ತದೆ. ಗಾಳಿ ಮೆಟ್ಟಿದೆ ಎಂದು ತಿಳಿದು ಮೊದಲು ಬೇರೆ ಕಡೆ ಹೋಗಿ, ಆಮೇಲೆ ನಮ್ಮಲ್ಲಿಗೆ ಬರುವವರೂ ಇದ್ದಾರೆ. ಈ ಲಕ್ಷಣಗಳನ್ನು ಒಂದೊಂದಾಗಿ ತಿರುವಿ ಹಾಕಿ. ಆಗ ಅಸಿಟೈಲ್‌ಕೋಲಿನ್ ಪ್ರತಿದಿನ ಏನೇನು ಮಾಡುತ್ತಿದೆ ಎಂಬ ಪಟ್ಟಿ ಸಿಗುತ್ತದೆ.

ಈಗ ಇದರ ತದ್ವಿರುದ್ಧದ ಚಿತ್ರ. ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಾಗ ಒಂದು ಮಧ್ಯಾಹ್ನ ಹತ್ತಿ ಹೊಲದಿಂದ ಒಬ್ಬ ರೈತನನ್ನು ಟ್ರ್ಯಾಕ್ಟರಿನಲ್ಲಿ ತಂದರು. ಬೆನ್ನಿಗೆ ಕಟ್ಟಿದ ಸ್ಪ್ರೇಯರ್ ಸೋರಿ ಅಂಗಿ ತೊಯ್ದಿತ್ತು. ಅದೇ ಅಂಗಿಯಲ್ಲಿ ಬೆಳಗಿನಿಂದ ಕೆಲಸ ಮಾಡಿದ್ದ. ಮೈಯೆಲ್ಲ ಬೆವರು, ಕಣ್ಣಲ್ಲಿ ನೀರು, ಬಾಯಲ್ಲಿ ಜೊಲ್ಲು, ಬಟ್ಟೆಯಲ್ಲೇ ಮಲಮೂತ್ರ. ಪಾಪೆ ಸೂಜಿಮೊನೆಯಷ್ಟು. ನಾಡಿ ನಿಮಿಷಕ್ಕೆ ಐವತ್ತನ್ನೂ ದಾಟುತ್ತಿರಲಿಲ್ಲ. ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಗುಳುಗುಳು ಸದ್ದು. ತೋಳಿನ ಸ್ನಾಯುಗಳು ಚರ್ಮದ ಕೆಳಗೆ ಹುಳು ಹರಿದಂತೆ ಅದುರುತ್ತಿದ್ದವು.

ಇದನ್ನು ಅರ್ಥ ಮಾಡಿಕೊಳ್ಳಲು ಇನ್ನೊಂದು ವಿಷಯ ಗೊತ್ತಿರಬೇಕು. ಸುದ್ದಿ ಮುಟ್ಟಿದ ಮೇಲೆ ಅಸಿಟೈಲ್‌ಕೋಲಿನ್ ಅಲ್ಲೇ ಉಳಿದರೆ ಗಂಟೆ ಬಾರಿಸುತ್ತಲೇ ಇರುತ್ತದೆ. ಅದಕ್ಕಾಗಿ ಸಂದಿನಲ್ಲೇ ಒಬ್ಬ ಜಾಡಮಾಲಿ ಇದ್ದಾನೆ. ಅವನು ಕೋಲಿನೆಸ್ಟರೇಸ್ ಎಂಬ ಕಿಣ್ವ. ಒಂದು ಅಣು ಕಿಣ್ವ ಸೆಕೆಂಡಿಗೆ ಸಾವಿರಾರು ಅಸಿಟೈಲ್‌ಕೋಲಿನ್ ಅಣುಗಳನ್ನು ತುಂಡರಿಸಿ ಗುಡಿಸಿ ಹಾಕುತ್ತದೆ. ದೇಹದಲ್ಲಿ ಇಷ್ಟು ಚುರುಕಿನ ಕೆಲಸಗಾರರು ಕಡಿಮೆ. ಆರ್ಗನೊಫಾಸ್ಫೇಟ್ ಜಾತಿಯ ಕೀಟನಾಶಕಗಳು ಈ ಜಾಡಮಾಲಿಯ ಕೈಯನ್ನೇ ಕಟ್ಟಿಹಾಕುತ್ತವೆ. ಹುಳುವನ್ನು ಕೊಲ್ಲುವುದೂ ಹೀಗೆಯೇ, ಮನುಷ್ಯನನ್ನು ಕೊಲ್ಲುವುದೂ ಹೀಗೆಯೇ. ಅಸಿಟೈಲ್‌ಕೋಲಿನ್ ಎಲ್ಲ ಸಂದುಗಳಲ್ಲೂ ಉಕ್ಕಿ ಹರಿಯುತ್ತದೆ. ಆ ರೈತನ ಮೈ ಯಾಕೆ ಅಷ್ಟು ಬೆವರುತ್ತಿತ್ತು ಎಂದು ಈಗ ಗೊತ್ತಾಯಿತಲ್ಲ? ಬೆವರಿನ ಗ್ರಂಥಿಗೆ ಸುದ್ದಿ ತರುವುದೂ ಅಸಿಟೈಲ್‌ಕೋಲಿನ್ನೇ.

ಚಿಕಿತ್ಸೆ ಏನು? ದತ್ತೂರದಲ್ಲಿರುವ ಅದೇ ಅಟ್ರೊಪಿನ್! ಬೀಗಕ್ಕೆ ಅದು ಅಡ್ಡ ಕೂತರೆ ಎಷ್ಟೇ ಅಸಿಟೈಲ್‌ಕೋಲಿನ್ ಬಂದರೂ ಬಾಗಿಲು ತೆರೆಯದು. ಆದರೆ ಪ್ರವಾಹ ದೊಡ್ಡದು, ಕಟ್ಟೆಯೂ ದೊಡ್ಡದಾಗಬೇಕು. ಆಗ ನಮ್ಮಲ್ಲಿದ್ದ ಆಂಪ್ಯೂಲಿನಲ್ಲಿ ಇರುತ್ತಿದ್ದದ್ದು 0.6 ಮಿಲಿಗ್ರಾಂ. ಅಂದು ಸಿಸ್ಟರ್ ಒಂದಾದ ಮೇಲೊಂದು ಗಾಜಿನ ಕತ್ತು ಮುರಿಯುತ್ತಾ ಕೂತರು, ಬೆರಳು ಕೊಯ್ದುಕೊಂಡು ಪ್ಲಾಸ್ಟರ್ ಸುತ್ತಿಕೊಂಡು ಮತ್ತೆ ಮುರಿದರು. ಐದೈದು ನಿಮಿಷಕ್ಕೆ ಪ್ರಮಾಣ ಇಮ್ಮಡಿ. ಎದೆಯ ಗುಳುಗುಳು ನಿಲ್ಲುವವರೆಗೆ, ನಾಡಿ ಏರುವವರೆಗೆ, ಕಂಕುಳು ಒಣಗುವವರೆಗೆ. ಹೌದು, ಕಂಕುಳಿಗೆ ಕೈಯಿಟ್ಟು ನೋಡುವುದೂ ಒಂದು ಪರೀಕ್ಷೆ. ಹೆಚ್ಚು ಕೊಟ್ಟರೆ ರೋಗಿ ಹಾಸಿಗೆ ಪರಚುತ್ತಾ ಬಡಬಡಿಸತೊಡಗುತ್ತಾನೆ, ಮೇಷ್ಟ್ರಂತೆ ಮೂತ್ರ ಕಟ್ಟುತ್ತದೆ. ಕಡಿಮೆ ಕೊಟ್ಟರೆ ತನ್ನ ಶ್ವಾಸಕೋಶದ ನೀರಿನಲ್ಲಿ ತಾನೇ ಮುಳುಗುತ್ತಾನೆ.

ಇಲ್ಲೊಂದು ಮೋಸವೂ ಇದೆ. ಅಟ್ರೊಪಿನ್ ಮುಚ್ಚುವುದು ಮಸ್ಕರಿನಿಕ್ ಬೀಗವನ್ನು ಮಾತ್ರ. ಉಸಿರಾಟದ ಸ್ನಾಯುಗಳಲ್ಲಿರುವ ನಿಕೋಟಿನಿಕ್ ಬೀಗಕ್ಕೆ ಅದು ತಾಗದು. ಆದ್ದರಿಂದಲೇ ಜೊಲ್ಲು, ಬೆವರು ನಿಂತು, ರೋಗಿ ಎದ್ದು ಮಾತಾಡಿ, ಮನೆಗೆ ಕರೆದೊಯ್ಯುತ್ತೇವೆ ಎಂದು ಬಂಧುಗಳು ಹಟ ಹಿಡಿದ ಮೇಲೂ ಒಂದರಿಂದ ನಾಲ್ಕು ದಿನಗಳೊಳಗೆ ಕತ್ತಿನ, ಎದೆಯ ಸ್ನಾಯುಗಳು ಸೋತು ಉಸಿರು ನಿಲ್ಲಬಹುದು. ದಿಂಬಿನಿಂದ ತಲೆ ಎತ್ತಲಾಗದಿರುವುದು ಇದರ ಮೊದಲ ಗುರುತು. ಆಗ ಬೇಕಾಗುವುದು ವೆಂಟಿಲೇಟರ್. ಆ ರೈತನನ್ನು ಮರುದಿನ ಜಿಲ್ಲಾ ಆಸ್ಪತ್ರೆಗೆ ಕಳಿಸಿದೆವು. ಬದುಕಿದ. ಮುಂದಿನ ಹಂಗಾಮಿಗೆ ಹೊಸ ಸ್ಪ್ರೇಯರ್ ಕೊಂಡನಂತೆ.

ಎಲ್ಲರೂ ಅಷ್ಟು ಅದೃಷ್ಟವಂತರಲ್ಲ. 2018ರ ಡಿಸೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಪ್ರಸಾದ ತಿಂದು ಹದಿನೈದಕ್ಕೂ ಹೆಚ್ಚು ಮಂದಿ ಸತ್ತದ್ದು ಓದುಗರಿಗೆ ನೆನಪಿರಬಹುದು. ಪ್ರಸಾದದಲ್ಲಿ ಬೆರೆತಿದ್ದ ಮಾನೊಕ್ರೊಟೊಫಾಸ್ ಇದೇ ಜಾತಿಯ ವಿಷ. ಅದೇ ವರ್ಷ ಕೇಂದ್ರ ಸರ್ಕಾರ ಹದಿನೆಂಟು ಕೀಟನಾಶಕ ಮತ್ತಿತರ ಕೃಷಿ ವಿಷಗಳನ್ನು ಹಂತಹಂತವಾಗಿ ನಿಷೇಧಿಸಿ ಆದೇಶ ಹೊರಡಿಸಿತು. ಮಿಥೈಲ್ ಪ್ಯಾರಾಥಿಯಾನ್, ಫೋರೇಟ್, ಡೈಕ್ಲೋರ್‌ವಾಸ್ ಆ ಪಟ್ಟಿಯಲ್ಲಿದ್ದವು, ಮಾನೊಕ್ರೊಟೊಫಾಸ್ ಇರಲಿಲ್ಲ.

ವಿಷ ತಾಗಿದವರನ್ನು ಕಂಡಾಗ ಮೊದಲು ಅವರ ಬಟ್ಟೆ ಕಳಚಿ, ಸೋಪು ಹಚ್ಚಿ ಧಾರಾಳ ನೀರಿನಲ್ಲಿ ಮೈತಲೆ ತೊಳೆಯಿರಿ. ತೊಳೆಯುವವರು ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಸುತ್ತಿಕೊಳ್ಳಬೇಕು. ವಿಷ ಚರ್ಮದ ಮೂಲಕವೇ ಒಳಗೆ ಇಳಿಯುತ್ತದೆ. ಹುಣಸೆ ನೀರು, ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಅದು ಶ್ವಾಸಕೋಶಕ್ಕೆ ಹೋದರೆ ಅನಾಹುತ. ಎಡಮಗ್ಗುಲಿಗೆ ಮಲಗಿಸಿ ಕರೆತನ್ನಿ, ಜೊತೆಗೆ ಬಾಟಲಿಯನ್ನೂ ತನ್ನಿ. ಯಾವ ವಿಷವೆಂದು ಗೊತ್ತಾದರೆ ನಮ್ಮ ಅರ್ಧ ಕೆಲಸ ಆದಂತೆ.

ಬಿ.ಪಿ. ಮಾತ್ರೆ ಚೇಳಿಗೆ

ಅಡ್ರಿನಲಿನ್ ಕಡೆಯ ಬೀಗಗಳ ಕಥೆಯಲ್ಲಿ ನಮ್ಮ ನೆರೆಯ ಒಬ್ಬ ವೈದ್ಯರ ಹೆಸರು ಬರುತ್ತದೆ. ಮಹಾರಾಷ್ಟ್ರದ ಕೊಂಕಣದ ಮಹಾಡದಲ್ಲಿರುವ ಡಾ. ಹಿಮ್ಮತ್‌ರಾವ್ ಬಾವಸ್ಕರ್. ಅಲ್ಲಿಯ ಕೆಂಪು ಚೇಳು ನಮ್ಮ ರಾಜ್ಯದ ಬಯಲು ಸೀಮೆಯಲ್ಲೂ ಇದೆ. ಅದರ ವಿಷ ನರತುದಿಗಳನ್ನು ಕೆರಳಿಸಿ ನಾರ್‌ಅಡ್ರಿನಲಿನ್ ಮತ್ತು ಅಡ್ರಿನಲಿನ್ ಧಾರೆಯಾಗಿ ಸುರಿಯುವಂತೆ ಮಾಡುತ್ತದೆ. ರಕ್ತನಾಳಗಳು ಬಿಗಿದು ಕೈಕಾಲು ತಣ್ಣಗಾಗುತ್ತವೆ, ಬಿ.ಪಿ. ಏರುತ್ತದೆ, ಹೃದಯ ದಣಿದು ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಮಕ್ಕಳು ಕೈಯಲ್ಲೇ ಸಾಯುವುದನ್ನು ಕಂಡ ಆ ವೈದ್ಯರು, ಆಲ್ಫಾ ಬೀಗವನ್ನು ಮುಚ್ಚುವ ಪ್ರಜೋಸಿನ್ ಎಂಬ ಬಿ.ಪಿ. ಮಾತ್ರೆಯನ್ನು ಎಂಬತ್ತರ ದಶಕದಲ್ಲಿ ಬಳಸಿ ನೋಡಿದರು. ಸಾವು ಬಹಳ ಮಟ್ಟಿಗೆ ಇಳಿಯಿತು. ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಕೂತು ಗ್ರಾಹಿಗಳ ಶಾಸ್ತ್ರವನ್ನು ಇಷ್ಟು ಚೊಕ್ಕವಾಗಿ ಬಳಸಿದ ಉದಾಹರಣೆ ನನಗೆ ಬೇರೆ ಗೊತ್ತಿಲ್ಲ. ಮುಂದೆ ಚೇಳಿನ ಪ್ರತಿವಿಷವೂ ಬಂತು. ಎರಡನ್ನೂ ಸೇರಿಸಿ ಕೊಟ್ಟರೆ ಚೇತರಿಕೆ ಬೇಗ ಎಂದು ಅವರೇ 2011ರಲ್ಲಿ ತೋರಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಅದೇ ಆಲ್ಫಾ ಬೀಗ ಮುಚ್ಚುವ ಔಷಧಗಳನ್ನು ಪ್ರಾಸ್ಟೇಟ್ ತೊಂದರೆಗೂ ಕೊಡುತ್ತೇವೆ. ಮೂತ್ರಕೋಶದ ಕತ್ತು ಸಡಿಲಗೊಂಡು ಧಾರೆ ಸಲೀಸಾಗುತ್ತದೆ. ಆದರೆ ನೀರುಗಂಟಿಯನ್ನು ಮರೆಯಬೇಡಿ. ಮಲಗಿದ್ದವರು ಎದ್ದು ನಿಂತಾಗ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲಿನ ಕಡೆ, ಹೊಟ್ಟೆಯ ಕಡೆ ಇಳಿಯುತ್ತದೆ. ಕೂಡಲೇ ಆಲ್ಫಾ ಬೀಗ ತಿರುಗಿ ಕೆಳಗಿನ ರಕ್ತನಾಳಗಳು ಬಿಗಿದು ರಕ್ತ ಮೆದುಳಿಗೆ ಏರಬೇಕು. ಆ ಬೀಗವೇ ಮುಚ್ಚಿದ್ದರೆ ಕಣ್ಣು ಕತ್ತಲೆ ಬಂದು ಬೀಳುತ್ತಾರೆ. ಅದಕ್ಕೇ ಈ ಮಾತ್ರೆಯನ್ನು ಮೊದಲ ಸಲ ರಾತ್ರಿ ಮಲಗುವಾಗ ತೆಗೆದುಕೊಳ್ಳಿ ಎನ್ನುತ್ತೇವೆ. ರಾತ್ರಿ ಬಚ್ಚಲಿಗೆ ಏಳುವಾಗ ಮಂಚದ ಅಂಚಿನಲ್ಲಿ ಒಂದು ನಿಮಿಷ ಕುಳಿತು ಆಮೇಲೆ ಏಳಬೇಕು. ಬಹಳ ವರ್ಷದ ಸಕ್ಕರೆ ಕಾಯಿಲೆಯಲ್ಲಿ ಈ ನರಗಳೇ ಸವೆದಿರುವುದರಿಂದ ಯಾವ ಮಾತ್ರೆಯೂ ಇಲ್ಲದೆ ಇದೇ ತೊಂದರೆ ಬರುವುದುಂಟು.

ಬೀಟಾ ಬೀಗದ ಮಾತು ಬಂದರೆ ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ ನೆನಪಾಗಬೇಕು. ಹೃದಯದ ಬೀಗಕ್ಕೆ ಅಡ್ಡ ಕೂರುವ ಪ್ರೊಪ್ರನಲಾಲ್ ಅರವತ್ತರ ದಶಕದಲ್ಲಿ ಅವರಿಂದ ಬಂತು. 1988ರಲ್ಲಿ ನೊಬೆಲ್ ಕೂಡ ಬಂತು. ಎದೆನೋವು, ಬಿ.ಪಿ., ಕೈನಡುಕ, ಅರೆತಲೆನೋವು ಹೀಗೆ ಹಲವು ಕಡೆ ಈ ಮಾತ್ರೆ ಉಪಕಾರಿ. ಆದರೆ ಆಸ್ತಮಾ ಇರುವವರು ನುಂಗಿದರೆ ಶ್ವಾಸನಾಳ ಮುಚ್ಚಿಕೊಳ್ಳುತ್ತದೆ. ಅವರು ಎಳೆದುಕೊಳ್ಳುವ ಸಾಲ್ಬುಟಮಾಲ್ ಇನ್‌ಹೇಲರ್ ತೆರೆಯುವ ಬೀಗವನ್ನೇ ಇದು ಮುಚ್ಚುತ್ತದಲ್ಲ! ಮಾತ್ರೆಯೇ ಆಗಬೇಕೆಂದಿಲ್ಲ. ಗ್ಲಾಕೋಮಾಕ್ಕೆ ಕಣ್ಣಿಗೆ ಬಿಡುವ ಟಿಮೊಲಾಲ್ ಹನಿ ಕಣ್ಣಿನಿಂದ ಮೂಗಿಗೆ ಇಳಿದು ರಕ್ತಕ್ಕೆ ಸೇರಿ ಆಸ್ತಮಾ ಕೆರಳಿಸಿದ್ದನ್ನು ನಾನೇ ಕಂಡಿದ್ದೇನೆ. ಆ ಅಮ್ಮ ಆರು ತಿಂಗಳಿಂದ ಕೆಮ್ಮಿಗೆ ಕಷಾಯ ಕುಡಿಯುತ್ತಿದ್ದರು. ಕಣ್ಣಿನ ಹನಿಯ ಸುದ್ದಿಯನ್ನು ಅವರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಯಾವ ಹನಿ ಬಿಟ್ಟರೂ ಮೂಗಿನ ಪಕ್ಕದ ಕಣ್ಣಂಚನ್ನು ಒಂದೆರಡು ನಿಮಿಷ ಬೆರಳಿನಿಂದ ಒತ್ತಿ ಹಿಡಿದರೆ ಔಷಧ ಕೆಳಗಿಳಿಯುವುದು ಕಡಿಮೆಯಾಗುತ್ತದೆ.

ಮೇಷ್ಟ್ರಿಗೆ ಆಲ್ಫಾ ಬೀಗ ಮುಚ್ಚುವ ಮಾತ್ರೆ ಶುರುಮಾಡಿ ಮೂರನೆಯ ದಿನ ನಳಿಕೆ ತೆಗೆದೆವು. ಧಾರೆ ಸರಾಗವಾಗಿ ಬಂತು. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ತಂದು ತೋರಿಸಿ ಎಂದು ಹೇಳಿದ್ದೆ. ಅವರ ಪತ್ನಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯನ್ನೇ ತಂದು ಮೇಜಿನ ಮೇಲೆ ಸುರಿದರು. ಬಿ.ಪಿ.ಯದು, ಸಕ್ಕರೆಯದು, ಹೊಟ್ಟೆನೋವಿಗೆ ಹಿಂದೆ ಯಾರೋ ಬರೆದುಕೊಟ್ಟ ಡೈಸೈಕ್ಲೊಮಿನ್, ನಿದ್ದೆಗೆಂದು ಅಳಿಯ ಕೊಟ್ಟುಹೋದ ಅಮಿಟ್ರಿಪ್ಟಿಲಿನ್. ಕೊನೆಯ ಎರಡನ್ನು ಪಕ್ಕಕ್ಕೆ ಸರಿಸಿ, ಇವೂ ನೆಗಡಿ ಮಾತ್ರೆಯ ಜಾತಿಯವೇ, ಬೇಡ ಎಂದೆ. ಅಜ್ಜಿ ಡಬ್ಬಿಯ ತಳಕ್ಕೆ ಕೈ ಹಾಕಿ ಇನ್ನೊಂದು ಪಟ್ಟಿ ತೆಗೆದರು. ಧರ್ಮಸ್ಥಳಕ್ಕೆ ಹೋಗುವಾಗ ಘಾಟಿಯಲ್ಲಿ ವಾಂತಿಯಾಗದಿರಲೆಂದು ಬಸ್ಸು ಹತ್ತುವ ಮುಂಚೆ ಇಬ್ಬರೂ ನುಂಗುವ ಪ್ರೊಮೆಥಜಿನ್.

"ಇದು?" ಎಂದರು.

ಅದನ್ನೂ ಆ ಎರಡರ ಪಕ್ಕದಲ್ಲೇ ಇಟ್ಟೆ.